ಡಾಕ್ಟರ್ ಕೊಟ್ಟ ಇನ್‌ಸೋಲ್ ಕೂರಬೇಕು, ಸೀರೆಗೂ ಒಪ್ಪಬೇಕು: ಅಂಥ ಶೂ ಎಲ್ಲಿ ಸಿಗುತ್ತೆ?

ಸಂಪಿಗೆ_ಮೈಸೂರು
ಎಲ್ಲರಿಗೂ ನಮಸ್ಕಾರ. ಇಲ್ಲಿ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು.

ನನಗೆ 34. ಬ್ಯಾಂಕ್ ಕೆಲಸ, ದಿನದಲ್ಲಿ ಅರ್ಧ ಹೊತ್ತು ನಿಂತೇ ಇರ್ತೀನಿ. ಎರಡು ವರ್ಷದಿಂದ ಬಲಗಾಲಿನ ಹಿಮ್ಮಡಿ ನೋವು. ಬೆಳಗ್ಗೆ ಮಂಚದಿಂದ ಇಳಿದು ಮೊದಲ ಹೆಜ್ಜೆ ಇಟ್ರೆ ಮೊಳೆ ಹೊಡೆದ ಹಾಗೆ ಆಗುತ್ತೆ. ಮೂಳೆ ಡಾಕ್ಟರು ನೋಡಿ ಚಪ್ಪಟೆ ಪಾದ, ಜೊತೆಗೆ ಪ್ಲಾಂಟರ್ ಫೇಶಿಯೈಟಿಸ್, ಅಂದ್ರೆ ಅಂಗಾಲಿನ ಪಟ್ಟಿಯ ಉರಿಯೂತ ಅಂದ್ರು. ಫೋಮ್ ಡಬ್ಬಿಯಲ್ಲಿ ಕಾಲು ಒತ್ತಿಸಿ ಅಚ್ಚು ತಗೊಂಡು ಶೂ ಒಳಗೆ ಇಡೋ ಇನ್‌ಸೋಲ್ ಮಾಡಿಸಿಕೊಟ್ರು. ಗಟ್ಟಿ ಪ್ಲಾಸ್ಟಿಕ್, ಮೇಲೆ ತೆಳು ಫೋಮ್, ಉದ್ದ ಮುಕ್ಕಾಲು ಪಾದ. 5,200 ಆಯ್ತು. ಮೂರು ವಾರಕ್ಕೆ ನೋವು ಅರ್ಧಕ್ಕರ್ಧ ಇಳೀತು, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಅದು ಕೂರೋದು ನನ್ನ ಬೂದು ಬಣ್ಣದ ಸ್ಪೋರ್ಟ್ಸ್ ಶೂ ಒಂದರಲ್ಲೇ. ವಾರಕ್ಕೆ ನಾಲ್ಕು ದಿನ ಸೀರೆ ಉಡ್ತೀನಿ. ಮೂರು ಅಂಗಡಿ ಸುತ್ತಿದೆ. ಒಂದು ಕಡೆ ಹುಡುಗ "ಒಂದು ಸೈಜ್ ದೊಡ್ಡದು ತಗೊಳ್ಳಿ ಮೇಡಂ" ಅಂದ. ತಗೊಂಡೆ, ಬೆಲ್ಲೀಸ್, ಅದೇ ಪಟ್ಟಿ ಇಲ್ಲದ ಸಮತಟ್ಟು ಶೂ. ಇನ್‌ಸೋಲ್ ಇಟ್ಟು ನಾಲ್ಕು ಹೆಜ್ಜೆ ಹಾಕಿದ್ರೆ ಹಿಮ್ಮಡಿ ಕಳಚಿ ಬರುತ್ತೆ. 1,800 ರೂಪಾಯಿ ದಂಡ.

ಮುಂದಿನ ತಿಂಗಳು ತಮ್ಮನ ಮದುವೆ. ಆರತಕ್ಷತೆಗೆ ಅಮ್ಮ ಕೊಡಿಸಿದ ಮೈಸೂರು ಸಿಲ್ಕ್ ಉಡ್ತೀನಿ, ಕಮ್ಮಿ ಅಂದ್ರೂ ನಾಲ್ಕು ಗಂಟೆ ನಿಲ್ಲಬೇಕು. ಆ ಸೀರೆ ಕೆಳಗೆ ಜಾಗಿಂಗ್ ಶೂ ಇಣುಕೋದು ನನಗೆ ಬೇಡ. ನೋವೂ ಬೇಡ. ದಾರಿ ಗೊತ್ತಿದ್ರೆ ಹೇಳಿ.

ಜಯನಗರ_ನಾಲ್ಕನೇ_ಬ್ಲಾಕ್
ಆರೋಗ್ಯ ಮುಖ್ಯ ಕಣಮ್ಮ. ಸೀರೆ ಕೆಳಗಿರೋ ಕಾಲನ್ನ ಯಾರು ನೋಡ್ತಾರೆ? ಅದೇ ಶೂ ಹಾಕ್ಕೊಂಡು ಆರಾಮಾಗಿರಿ.

ನೀಲಿ_ಛತ್ರಿ
ಸರ್, ಬೇಜಾರು ಮಾಡ್ಕೋಬೇಡಿ, ಆದ್ರೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತ ನಮ್ಮ ಹಿರಿಯರೇ ಹೇಳಿಲ್ವಾ?

ನಮ್ಮಮ್ಮಂಗೆ ಇದೇ ಥರ ಇನ್‌ಸೋಲ್ ಜೊತೆ ಕಪ್ಪು ಬಣ್ಣದ ದಪ್ಪ ಶೂ ಒಂದನ್ನ ಕೊಟ್ಟಿದ್ರು. ಗೃಹಪ್ರವೇಶಕ್ಕೆ ಅಂತ ಒಂದೇ ಒಂದು ಸಲ ಹಾಕ್ಕೊಂಡು ಹೋದ್ರು. ಬಾಗಿಲಲ್ಲಿ ಒಬ್ಬರು, ಊಟದ ಪಂಕ್ತಿಯಲ್ಲಿ ಇಬ್ಬರು, "ಅಯ್ಯೋ, ಕಾಲಿಗೇನಾಯ್ತು?" ಅಂತ ಕೇಳಿದ್ರು. ಮನೆಗೆ ಬಂದವರೇ ಶೂ, ಇನ್‌ಸೋಲ್ ಎರಡನ್ನೂ ಅಟ್ಟಕ್ಕೆ ಹಾಕಿಸಿದ್ರು. ಈಗ ಮಂಡಿನೂ ಹಿಡಿದಿದೆ. ಹಾಕ್ಕೊಳ್ಳೋಕೆ ಮನಸ್ಸೇ ಬರದ ಶೂ ಒಳಗೆ ಎಂಥ ಒಳ್ಳೇ ಇನ್‌ಸೋಲ್ ಇದ್ರೂ ಏನು ಬಂತು? ಚಂದ ಇರೋದೂ ಚಿಕಿತ್ಸೆಯ ಭಾಗಾನೇ ಅನ್ನೋದು ನನ್ನ ಅನುಭವ.

ಜಯನಗರ_ನಾಲ್ಕನೇ_ಬ್ಲಾಕ್
ಆಯ್ತಮ್ಮ, ಆ ಕಡೆಯಿಂದ ನಾನು ಯೋಚನೆ ಮಾಡಿರಲಿಲ್ಲ. ತಪ್ಪು ಒಪ್ಕೊಂಡೆ.

ಪಾದದ_ಕೆಲಸ
ನಾನು ಇನ್‌ಸೋಲ್, ಕಾಲಿಗೆ ಆಸರೆ ಕೊಡೋ ಕ್ಯಾಲಿಪರ್ ಮಾಡೋ ವರ್ಕ್‌ಶಾಪಲ್ಲಿ 11 ವರ್ಷದಿಂದ ಇದೀನಿ. ಸಂಪಿಗೆಯವರೇ, ಸೈಜ್ ದೊಡ್ಡದು ಮಾಡಿದ್ದೇ ಎಡವಟ್ಟಾಗಿರೋದು. ನಮ್ಮಲ್ಲಿ ನಡೆಯೋ ಯುಕೆ ಅಳತೆಯಲ್ಲಿ ಒಂದು ಸೈಜ್ ಅಂದ್ರೆ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿಲಿಮೀಟರ್. ಆ ಹೆಚ್ಚುವರಿ ಬಹುಪಾಲು ಉದ್ದಕ್ಕೆ ಹೋಗುತ್ತೆ. ನಿಮಗೆ ಬೇಕಾಗಿರೋದು ಉದ್ದ ಅಲ್ಲ, ಆಳ. ಇನ್‌ಸೋಲ್ ನಿಮ್ಮ ಹಿಮ್ಮಡಿಯನ್ನ ನಾಲ್ಕೈದು ಮಿಲಿಮೀಟರ್ ಮೇಲೆ ಎತ್ತುತ್ತೆ, ಬೆಲ್ಲೀಸ್‌ನ ಹಿಂಭಾಗ ಮೊದಲೇ ಗಿಡ್ಡ. ಹಿಡ್ಕೊಳ್ಳೋಕೆ ಏನೂ ಉಳಿಯಲ್ಲ, ಕಾಲು ಕಳಚುತ್ತೆ.

ಅಂಗಡಿಗೆ ಹೋಗುವಾಗ ಇನ್‌ಸೋಲ್ ಚೀಲದಲ್ಲಿ ಇರಲೇಬೇಕು. ಸಂಜೆ ಹೋಗಿ, ಪಾದ ಆಗ ಸ್ವಲ್ಪ ಊದಿರುತ್ತೆ. ಶೂ ಕೈಗೆ ಬಂದ ಕೂಡಲೇ ಒಳಗಿನ ಪದರ ಎತ್ತಿ ನೋಡಿ. ಸಲೀಸಾಗಿ ಹೊರಗೆ ಬಂದ್ರೆ ಆ ಶೂ ನಿಮ್ಮದಾಗಬಹುದು. ಪೂರ್ತಿ ಅಂಟಿಸಿ ಹೊಲಿದಿದ್ರೆ ಎಷ್ಟೇ ಚಂದ ಇದ್ರೂ ವಾಪಸ್ ಇಡಿ. ಆಮೇಲೆ ಹಿಮ್ಮಡಿ ಹಿಂದಿನ ಗೋಡೆಯನ್ನ ಹೆಬ್ಬೆರಳಿಂದ ಒತ್ತಿ. ಬಟ್ಟೆ ಥರ ಮಡಚಬಾರದು. ಶೂ ಬಗ್ಗಿಸಿದ್ರೆ ಬೆರಳಿನ ಬುಡದಲ್ಲಿ ಬಗ್ಗಬೇಕು. ನಡುವಲ್ಲೇ ಮಡಚಿದ್ರೆ ಗಟ್ಟಿ ಇನ್‌ಸೋಲ್ ಅದರೊಳಗೆ ಕಟಕಟ ಅನ್ನುತ್ತೆ.

ಹೀಲ್ ಒಂದು ಇಂಚಿನೊಳಗೆ ಇರಲಿ. ಸಮತಟ್ಟು ಶೂಗೆ ಅಂತ ಮಾಡಿದ ಗಟ್ಟಿ ಇನ್‌ಸೋಲನ್ನ ಎತ್ತರದ ಹೀಲ್‌ಗೆ ಇಟ್ರೆ ತೊಟ್ಟಿಲು ಥರ ತೂಗುತ್ತೆ. ಸೀರೆಗಾದ್ರೆ ಮೇಲೆ ಪಟ್ಟಿ ಇರೋ ಮೇರಿ ಜೇನ್ ಮಾದರಿ ಹುಡುಕಿ. ಪಟ್ಟಿ ಪಾದವನ್ನ ಹಿಂದಕ್ಕೆ ಹಿಡಿಯುತ್ತೆ, ಕಳಚಲ್ಲ.

ಹಾಸನ_ಹುಡುಗ
ಒಂದ್ನಿಮಿಷ. ಒಳಗಿನ ಪದರ ತೆಗೆದು ಇಡಬೇಕಾ? ನಾನು ಎಂಟು ತಿಂಗಳಿಂದ ಅದರ ಮೇಲೇ ಇಟ್ಕೊಂಡಿದೀನಿ! ಹೆಬ್ಬೆರಳಿನ ಉಗುರು ಕಪ್ಪಾಗಿದೆ.

ಪಾದದ_ಕೆಲಸ
ತೆಗೀಲೇಬೇಕು ಅಣ್ಣ. ಎರಡು ಪದರ ಸೇರಿ ಬೆರಳನ್ನ ಮೇಲಿನ ತೊಗಲಿಗೆ ಒತ್ತಿ ಹಿಡಿದಿದೆ, ಉಗುರು ಕಪ್ಪಾಗಿರೋದು ಬಹುಶಃ ಅದಕ್ಕೇ. ಇವತ್ತೇ ತೆಗೆದು ನೋಡಿ. ಮುಕ್ಕಾಲು ಉದ್ದದ್ದಾದ್ರೆ ಮುಂದೆ ಬರಿ ಅಟ್ಟೆ ಚುಚ್ಚಬಹುದು, ಹಳೇ ಪದರದ ಮುಂಭಾಗ ಮಾತ್ರ ಕತ್ತರಿಸಿ ಇಟ್ಕೊಳ್ಳಿ.

ಹಾಸನ_ಹುಡುಗ
ತೆಗೆದೆ. ಜಾಗಾನೇ ಜಾಗ! ಎಂಟು ತಿಂಗಳು ಯಾರೂ ಹೇಳ್ಲಿಲ್ಲವಲ್ಲ.

ಧಾರವಾಡ_ಮಂದಿ
ನಮ್ಮವ್ವಗ ಸಕ್ಕರಿ ಕಾಯಿಲೆ ಐತ್ರಿ, 15 ವರ್ಷ ಆತು. ಅಂಗಾಲು ಜೋಮು ಹಿಡದಂಗ ಇರತೈತಿ. ಆಕಿಗೂ ಇಂಥಾ ಗಟ್ಟಿ ಪ್ಲಾಸ್ಟಿಕ್‌ದು ಮಾಡಿಸಬಹುದೇನ್ರಿ? ಈಗ ಎಂಸಿಆರ್ ಚಪ್ಪಲಿ ಹಾಕ್ತಾಳ. ನೀಲಿ ಪಟ್ಟಿ ಇದ್ದದ್ದು. "ಇದನ್ನ ನೋಡಿದ್ರ ಜಡ್ಡಿನ ನೆನಪಾಗತೈತಿ, ಬ್ಯಾರೇ ಬಣ್ಣ ಸಿಗೂದಿಲ್ಲೇನು?" ಅಂತ ಕೇಳ್ತಾಳ.

ಪಾದದ_ಕೆಲಸ
ಬೇಡ್ರಿ. ಸ್ಪರ್ಶ ಕಮ್ಮಿ ಇರೋ ಪಾದಕ್ಕೆ ಗಟ್ಟಿ ಅಂಚು ಚುಚ್ಚಿದ್ರೂ ಗೊತ್ತಾಗಲ್ಲ, ಹುಣ್ಣಾಗಿ ಕೀವು ಬಂದ ಮೇಲೇ ತಿಳಿಯೋದು. ಡಾಕ್ಟರ ಮಾತಿಲ್ಲದೆ ಮಾಡಿಸಬೇಡಿ. ಎಂಸಿಆರ್ ಅಂದ್ರೆ ಸಣ್ಣ ಗಾಳಿಗುಳ್ಳೆ ತುಂಬಿದ ಮೆತ್ತನೆ ರಬ್ಬರ್. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು ಕುಷ್ಠರೋಗದಿಂದ ಸ್ಪರ್ಶ ಕಳಕೊಂಡವರ ಪಾದ ಉಳಿಸೋಕೆ ಇಂಥ ಚಪ್ಪಲಿ ಬಳಸಿದ್ರು. ಈಗ ಸಕ್ಕರೆ ಕಾಯಿಲೆಯವರಿಗೆ ಅದೇ ಆಧಾರ.

ಬಣ್ಣದ ವಿಷಯ: ಎಂಸಿಆರ್ ಹಾಳೆಯಾಗಿ ಸಿಗುತ್ತೆ. ಅವ್ವನಿಗೆ ಇಷ್ಟವಾದ ಬಣ್ಣದ ಮೆತ್ತನೆ ತೊಗಲಿನ ಪಟ್ಟಿ ಹಾಕಿಸಿ ಮಾಡಿಸಬಹುದು. ಹಿಂದೆ ಪಟ್ಟಿ ಇರಲಿ, ಬೆರಳ ಸಂದಿಗೆ ಬಾರು ಬೇಡ. ಹೊಸದನ್ನ ಮೊದಲ ವಾರ ದಿನಕ್ಕೆ ಒಂದೊಂದು ಗಂಟೆ ಹಾಕಿ, ತೆಗೆದು ಪಾದ ಕೆಂಪಾಗಿದೆಯಾ ನೋಡಿ. ಹಾಕೋ ಮುಂಚೆ ಒಳಗೆ ಕೈ ಆಡಿಸೋದು ಮರೀಬೇಡಿ, ಕಲ್ಲೋ ಮೊಳೆಯೋ ಇರಬಹುದು.

ಧಾರವಾಡ_ಮಂದಿ
ಭಾಳ ಉಪಕಾರ ಆತ್ರಿ. ಮಾವಿನ ಎಲಿ ಹಸರು ಬೇಕಂತ ಆಕಿಗೆ.

ತೋಟದ_ಮನೆ
ಇಷ್ಟೆಲ್ಲ ಯಾಕೆ ಬೇಕು ಅಂತೀನಿ. ನಮ್ಮಜ್ಜ 80 ದಾಟಿದ್ರೂ ಬರಿಗಾಲಲ್ಲಿ ತೋಟ ಸುತ್ತುತ್ತಿದ್ರು, ಒಂದು ದಿನ ಕಾಲು ನೋವು ಅಂದವರಲ್ಲ. ಇನ್‌ಸೋಲ್ ಹಾಕಿದಷ್ಟೂ ಪಾದ ಸೋಮಾರಿ ಆಗುತ್ತೆ. ಬರಿಗಾಲಲ್ಲಿ ನಡೀರಿ, ತಾನಾಗೇ ಸರಿಹೋಗುತ್ತೆ.

ಫಿಸಿಯೋ_ಉಡುಪಿ
ನಿಮ್ಮ ಮಾತಲ್ಲಿ ಅರ್ಧ ಸತ್ಯ ಉಂಟು, ಅದಕ್ಕೇ ಉತ್ತರ ಕೊಡಬೇಕು ಅನಿಸಿತು.

ನೋವಿಲ್ಲದ ಚಪ್ಪಟೆ ಪಾದಕ್ಕೆ ಏನೂ ಮಾಡಬೇಕಂತ ಇಲ್ಲ, ಅದು ಕಾಯಿಲೆ ಅಲ್ಲ. ಚಿಕ್ಕ ಮಕ್ಕಳಿಗೆ ಪಾದದ ಕಮಾನು ಮೂಡುವುದಕ್ಕೆ ವರ್ಷಗಳು ಬೇಕು, ಮೂರು ವರ್ಷದ ಮಗುವಿಗೆ ಇನ್‌ಸೋಲ್ ಮಾಡಿಸಲು ಓಡುವುದು ಬೇಡ. ಪಾದದ ಸ್ನಾಯು ಬಲ ಆಗಬೇಕು ಅನ್ನುವುದೂ ಸರಿ. ಆದರೆ ನಿಮ್ಮ ಅಜ್ಜ ನಡೆದದ್ದು ಮಣ್ಣಿನ ಮೇಲೆ, ಹುಟ್ಟಿದಂದಿನಿಂದ. ಇವರು ನಿಲ್ಲುವುದು ಟೈಲ್ಸ್ ಮೇಲೆ, ಅದೂ ಉರಿಯೂತ ಇರುವ ಪಾದದಲ್ಲಿ. ನೋವಿನ ಹೊತ್ತಲ್ಲಿ ಬರಿಗಾಲಲ್ಲಿ ನಡೆಯಿರಿ ಅಂದರೆ ಹುಣ್ಣಿನ ಮೇಲೆ ತಿಕ್ಕಿದ ಹಾಗೆ.

ಸಂಪಿಗೆಯವರೇ, ಗೋಡೆ ಹಿಡಿದು ತುದಿಗಾಲಲ್ಲಿ ನಿಂತು ನೋಡಿ, ಒಂದೊಂದೇ ಕಾಲಲ್ಲಿ. ಹಾಗೆ ನಿಂತಾಗ ಕಮಾನು ಮೂಡಿದರೆ ನಿಮ್ಮದು ಮೃದುವಾದ ಚಪ್ಪಟೆ ಪಾದ, ವ್ಯಾಯಾಮಕ್ಕೆ ಚೆನ್ನಾಗಿ ಒಗ್ಗುತ್ತದೆ. ನೋವಿರುವ ಕಾಲಿನ ಹಿಮ್ಮಡಿ ಎತ್ತಲಿಕ್ಕೇ ಆಗದಿದ್ದರೆ ಡಾಕ್ಟರಿಗೆ ಮತ್ತೆ ತೋರಿಸಿ, ಒಳಬದಿಯ ಸ್ನಾಯುರಜ್ಜು ಸೋತಿರಬಹುದು.

ದಿನಾ ಮೀನಖಂಡ ಎಳೆಯಿರಿ: ಗೋಡೆಗೆ ಕೈ ಊರಿ, ನೋವಿನ ಕಾಲು ಹಿಂದೆ, ಮಂಡಿ ನೇರ, ಹಿಮ್ಮಡಿ ನೆಲಕ್ಕೆ ಅಂಟಿರಬೇಕು. 30 ಸೆಕೆಂಡು, ಮೂರು ಸಲ. ಬೆಳಿಗ್ಗೆ ಮಂಚದಿಂದ ಇಳಿಯುವ ಮೊದಲು ಕೈಯಿಂದ ಕಾಲ್ಬೆರಳನ್ನು ನಿಮ್ಮ ಕಡೆ ಎಳೆದುಕೊಂಡು ಹತ್ತು ಎಣಿಸಿ, ಆಮೇಲೆ ಕಾಲು ಊರಿ. ಈ ನೋವು ಹೆಚ್ಚಿನವರಿಗೆ ವರ್ಷದೊಳಗೆ ಆಪರೇಷನ್ ಇಲ್ಲದೆ ಇಳಿಯುತ್ತದೆ.

ತೋಟದ_ಮನೆ
ನೋವಿದ್ದಾಗ ಬೇರೆ ಅನ್ನೋದು ಒಪ್ತೀನಿ. ಆದ್ರೆ ನೋವು ಹೋದ ಮೇಲೂ ಜೀವನಪೂರ್ತಿ ಇನ್‌ಸೋಲ್ ಬೇಕು ಅಂದ್ರೆ ಒಪ್ಪಲ್ಲ.

ಫಿಸಿಯೋ_ಉಡುಪಿ
ಜೀವನಪೂರ್ತಿ ಅಂತ ನಾನೆಲ್ಲಿ ಹೇಳಿದೆ ಮಾರಾಯ್ರೆ? ಕೆಲವರು ಬಿಡುತ್ತಾರೆ, ಕೆಲವರಿಗೆ ಬೇಕೇ ಬೇಕು. ಪಾದ ನೋಡಿ ಹೇಳಬೇಕು.

ಗೃಹಿಣಿ_ತುಮಕೂರು
ಎಲ್ರೂ ಶೂ ಶೂ ಅಂತಿದೀರ, ಮನೆ ಒಳಗಿನ ಕಥೆ ಏನು? ದಿನಕ್ಕೆ ಹದಿನಾಲ್ಕು ಗಂಟೆ ನಾವು ಬರಿಗಾಲಲ್ಲೇ. ನಮ್ಮತ್ತೆ ಹೊಸ್ತಿಲು ದಾಟಿ ಚಪ್ಪಲಿ ತರೋಕೆ ಬಿಡ್ತಿರಲಿಲ್ಲ. ಅಡುಗೆಮನೆ ಗ್ರಾನೈಟ್ ಮೇಲೆ ಚಪಾತಿ ಲಟ್ಟಿಸೋ ಅಷ್ಟರಲ್ಲಿ ಕಾಲು ಸತ್ತು ಹೋಗ್ತಿತ್ತು. ಕೊನೆಗೆ ಅತ್ತೆಯನ್ನೇ ಡಾಕ್ಟರ್ ಹತ್ರ ಕರ್ಕೊಂಡು ಹೋದೆ, ಅವರ ಮುಂದೇನೇ ಹೇಳಿಸಿದೆ. ಈಗ ಹೊರಗೆ ಒಂದು ಸಲಾನೂ ಹಾಕದ, ಬಿಳೀ ಅಟ್ಟೆಯ ಒಂದು ಜೊತೆ ಅಡುಗೆಮನೆಗೆ ಅಂತಲೇ ಇದೆ. ದೇವರ ಮನೆ ಬಾಗಿಲಲ್ಲಿ ಬಿಡ್ತೀನಿ. ಮೊನ್ನೆ ಅತ್ತೆನೂ ತಮಗೊಂದು ಜೊತೆ ತರಿಸ್ಕೊಂಡ್ರು.

ಮ್ಯೂನಿಕ್_ಕನ್ನಡತಿ
ಇಲ್ಲಿ ಜರ್ಮನಿಯಲ್ಲಿ ಶೂ ಅಂಗಡಿಗೆ ಹೋದರೆ "ಸಡಿಲ ಇನ್‌ಸೋಲ್‌ಗೆ ತಕ್ಕದ್ದು" ಅಂತ ಬೇರೆ ಸಾಲೇ ಇರುತ್ತೆ. ವಾಲ್ಡ್‌ಲಾಯ್ಫರ್, ಫಿನ್ ಕಂಫರ್ಟ್, ಗಾಬೋರ್ ಥರದ ಬ್ರ್ಯಾಂಡ್‌ಗಳು ಉದ್ದದ ಜೊತೆ ಅಗಲವನ್ನೂ ಅಕ್ಷರದಲ್ಲಿ ಹಾಕ್ತಾರೆ: ಜಿ, ಎಚ್, ಕೆ ಹೀಗೆ ಅಗಲ ಹೆಚ್ಚುತ್ತಾ ಹೋಗುತ್ತೆ. ಡಾಕ್ಟರ್ ಚೀಟಿ ಇದ್ರೆ ಇನ್‌ಸೋಲ್ ಖರ್ಚಿನ ಬಹುಪಾಲು ಸರ್ಕಾರಿ ಆರೋಗ್ಯ ವಿಮೆಯೇ ಕೊಡುತ್ತೆ. ಸ್ಯಾಂಡಲ್‌ಗೆ ಹೆಸರಾದ ಇಲ್ಲಿನ ಬರ್ಕೆನ್‌ಸ್ಟಾಕ್ ಮನೆತನದವರು ಮೊದಲು ಮಾಡ್ತಿದ್ದದ್ದೇ ಇನ್‌ಸೋಲ್, ಸ್ಯಾಂಡಲ್ ಬಂದಿದ್ದು 1963ರಲ್ಲಿ.

ಊರಿಗೆ ಬಂದಾಗಲೆಲ್ಲ ನಂಗೆ ಹೊಟ್ಟೆ ಉರಿಯುತ್ತೆ. ನಮ್ಮಲ್ಲಿ ಕಾಲು ನೋವು ಇರೋರು ಕಮ್ಮಿನಾ? ಅಂಗಡಿಯಲ್ಲಿ ಅಗಲ ಕೇಳಿದ್ರೆ ಮುಖ ನೋಡ್ತಾರೆ.

ಅಳತೆ_ಪಟ್ಟಿ
ಅದಕ್ಕೆ ಕಾರಣ ಇದೆ. ನಮ್ಮ ಅಂಗಡಿಗಳಲ್ಲಿ ಇರೋದು ಬ್ರಿಟಿಷ್, ಯುರೋಪಿನ ಅಳತೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ 79 ಕಡೆ 1 ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದರು. ನಮ್ಮವರ ಪಾದ ಹೆಚ್ಚು ಅಗಲ ಅಂತ ಬಂತು. ಅದರ ಮೇಲೆ 'ಭಾ' ಅನ್ನೋ ನಮ್ಮದೇ ಅಳತೆ ಪದ್ಧತಿ ರೂಪಿಸಿದ್ದಾರೆ. ಅಗಲ ಸಾಲದೆ ಉದ್ದ ಜಾಸ್ತಿ ಇರೋ ಶೂ ಕೊಳ್ಳೋದು ನಮ್ಮಲ್ಲಿ ಎಲ್ಲರೂ ಮಾಡೋ ಕೆಲಸ.

ಪಂಚೆ_ಪ್ರಿಯ
ಗಂಡಸರಿಗೂ ಒಂದು ಮಾತು ಸೇರಿಸ್ತೀನಿ. ಆಫೀಸಿಗೆ ಫಾರ್ಮಲ್ ಬೇಕಾದ್ರೆ ಆಕ್ಸ್‌ಫರ್ಡ್ ಬೇಡ, ಡರ್ಬಿ ತಗೊಳ್ಳಿ. ಡರ್ಬಿಯಲ್ಲಿ ಲೇಸ್ ಹಾಕೋ ಎರಡೂ ಕಿವಿ ಪೂರ್ತಿ ತೆರೆದುಕೊಳ್ಳುತ್ತೆ, ಇನ್‌ಸೋಲ್ ಇಟ್ಟು ಎತ್ತರ ಆದ ಪಾದಕ್ಕೆ ಜಾಗ ಸಿಗುತ್ತೆ. ನನ್ನದು ಕಡುಕಂದು ಡರ್ಬಿ, ಆರು ವರ್ಷ ಆಯ್ತು. ಆನ್‌ಲೈನಲ್ಲಿ ಕೊಳ್ಳೋರು ಇನ್‌ಸೋಲನ್ನ ರಟ್ಟಿನ ಮೇಲಿಟ್ಟು ಪೆನ್ಸಿಲಲ್ಲಿ ಗೆರೆ ಎಳೆದು ಕತ್ತರಿಸಿಟ್ಕೊಳ್ಳಿ. ಶೂ ಬಂದ ತಕ್ಷಣ ಅದರ ಒಳಪದರ ತೆಗೆದು ರಟ್ಟಿನ ಜೊತೆ ಇಟ್ಟು ನೋಡಿ. ರಟ್ಟೇ ಅಗಲ ಅನಿಸಿದ್ರೆ ಕಾಲಿಗೂ ಹಾಕದೆ ವಾಪಸ್ ಕಳಿಸಿ.

ಗಡಿನಾಡ_ಹುಡುಗ
ನಮ್ಮ ಅಥಣಿ ಕಡೆ ಬರ್ರಿ, ಚಪ್ಪಲಿ ಅಂದ್ರ ಏನಂತ ತೋರಸ್ತೀವಿ. ಕೊಲ್ಹಾಪುರಿ ಅಂತ ಹೆಸರಿದ್ರೂ 2019ರಾಗ ಸಿಕ್ಕ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಒಳಗ ಮಹಾರಾಷ್ಟ್ರದ ನಾಕು ಜಿಲ್ಲಾ, ನಮ್ಮವು ನಾಕು ಅದಾವ: ಬೆಳಗಾವಿ, ಧಾರವಾಡ, ಬಾಗಲಕೋಟ, ವಿಜಯಪುರ. 2025ರಾಗ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾದವರು ಅಂಥಾದ್ದನ್ನ ಮಿಲಾನಿನ ಶೋದಾಗ ತೋರಿಸಿದಾಗ ಎಷ್ಟು ಗದ್ದಲ ಆತು ನೆನಪೈತಲ್ಲ? ನಮ್ಮ ಓಣ್ಯಾಗ ಚಪ್ಪಲಿ ಹೊಲದ ಶರಣ ಹರಳಯ್ಯನ ಫೋಟೋಕ್ಕ ಕೈ ಮುಗದ ತೊಗಲು ಕೊಯ್ಯೂ ರಂಪಿಗಿ ಹಿಡೀತಾರ.

ನೀಲಿ_ಛತ್ರಿ
ಅಣ್ಣ, ಚಪ್ಪಲಿ ಚಂದ, ಒಪ್ಪಿದೆ. ಅದರಲ್ಲಿ ಇನ್‌ಸೋಲ್ ಎಲ್ಲಿಡೋದು?

ಗಡಿನಾಡ_ಹುಡುಗ
ಇಡಾಕ ಆಗೂದಿಲ್ಲ, ಖರೇ. ಆದ್ರ ನಮ್ಮ ಕಾಕಾ ಅಟ್ಟಿ ಎರಡ ಪದರದ ನಡಕ ಕಮಾನಿನ ಜಾಗಾಕ್ಕ ತೊಗಲಿನ ತುಂಡ ಒಂದರ ಮ್ಯಾಲ ಒಂದ ಇಟ್ಟ ಹೊಲದ ಕೊಟ್ಟಾರ, ಒಬ್ಬ ಮಾಸ್ತರಿಗೆ. ಮಾಸ್ತರು ಕಾಲು ಇಡೂದು, ಕಾಕಾ ಒಂದ ಪದರ ತೆಗೆಯೂದು, ಮತ್ತ ಇಡೂದು, ಹಿಂಗ ಮೂರ ದಿನ ಆತು.

ಪಾದದ_ಕೆಲಸ
ಅಂಥ ಕೈ ಇರೋರು ಸಿಕ್ಕಿದ್ರೆ ಬಿಡಬೇಡಿ. ರಾಜ್ಯ ಸರ್ಕಾರದ ಚರ್ಮ ನಿಗಮ ಲಿಡ್ಕರ್‌ನ ಮಳಿಗೆಗಳಲ್ಲೂ ತೊಗಲಿನ ಚಪ್ಪಲಿ, ಶೂ ಎರಡೂ ಇವೆ, ಇನ್‌ಸೋಲ್ ಹಿಡಿದು ಹೋಗಿ ಒಮ್ಮೆ ನೋಡಿ.

ಫಿಸಿಯೋ_ಉಡುಪಿ
ಒಂದು ಮರೆತಿದ್ದೆ. ಮುಹೂರ್ತದ ಹೊತ್ತಲ್ಲಿ ಮಂಟಪದಲ್ಲಿ ಬರಿಗಾಲೇ ಅಲ್ವಾ? ಆವತ್ತು ಬೆಳಿಗ್ಗೆ ಫಿಸಿಯೋ ಹತ್ತಿರ ಅಂಗಾಲಿಗೆ ಟೇಪ್ ಹಾಕಿಸಿಕೊಳ್ಳಿ, ಕಮಾನನ್ನು ಎತ್ತಿ ಹಿಡಿಯುವ ಥರ ಹಾಕುತ್ತಾರೆ. ಚರ್ಮದ ಬಣ್ಣದ್ದು ಸಿಗುತ್ತದೆ, ಕಾಣಿಸುವುದಿಲ್ಲ. ಅಲರ್ಜಿ ಉಂಟಾ ಅಂತ ಎರಡು ದಿನ ಮೊದಲೇ ಸಣ್ಣ ತುಂಡು ಅಂಟಿಸಿ ನೋಡಿ.

ಸಂಪಿಗೆ_ಮೈಸೂರು
ಐದು ವಾರ ಆದ ಮೇಲೆ ಬರೀತಿದೀನಿ. ಮದುವೆ ಚೆನ್ನಾಗಾಯ್ತು. ನಿಮ್ಮೆಲ್ಲರಿಗೂ ಹೇಳಲೇಬೇಕು.

ಸಂಜೆ ಆರು ಗಂಟೆಗೆ ಇನ್‌ಸೋಲ್ ಚೀಲಕ್ಕೆ ಹಾಕ್ಕೊಂಡು ಹೋದೆ. ಏಳು ಜೊತೆ ನೋಡಿದೆ, ಐದರ ಒಳಪದರ ಅಲ್ಲಾಡಲೇ ಇಲ್ಲ. ಆರನೆಯದು ಸಲೀಸಾಗಿ ಬಂತು, ಆದ್ರೆ ಅಗಲ ಸಾಲಲಿಲ್ಲ. ಏಳನೆಯದು ಕುಂಕುಮ ಬಣ್ಣದ ಮೇರಿ ಜೇನ್, ಮೇಲೆ ಎರಡು ಪಟ್ಟಿ, ಹೀಲ್ ಒಂದಿಂಚಿಗಿಂತ ಕಮ್ಮಿ. ಒಳಪದರ ಹಿಮ್ಮಡಿ ಹತ್ರ ಮಾತ್ರ ಅಂಟಿಸಿದ್ರು. 3,400. ಧೈರ್ಯ ಮಾಡಿ ತಗೊಂಡೆ.

ಮಾರ್ಕೆಟ್ ಹತ್ರ ಪೆಟ್ಟಿಗೆ ಅಂಗಡಿ ಇಟ್ಕೊಂಡಿರೋ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಅಂಟಿನ ಅಂಚಿಗೆ ಥಿನ್ನರ್ ಹನಿ ಹನಿಯಾಗಿ ಬಿಟ್ಟು, ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಚಪ್ಪಟೆ ಕತ್ತಿ ತೂರಿಸಿ, ಉಸಿರು ಬಿಗಿಹಿಡಿದು, ದೋಸೆ ಎತ್ತೋ ಹಾಗೆ ಪದರ ಎತ್ತಿದ್ರು. ಎಲ್ಲೂ ಹರೀಲಿಲ್ಲ. ನನ್ನ ಇನ್‌ಸೋಲನ್ನ ಒಳಗಿಟ್ಟು ಬೆರಳಿಂದ ಸುತ್ತ ತಡವಿ, "ಇಲ್ಲಿ ಎತ್ತಿಕೊಂಡಿದೆಯಲ್ಲಾ ತಾಯಿ" ಅಂತ ಅಟ್ಟೆಯ ಒಂದು ಉಬ್ಬನ್ನ ಅವರೇ ಉಜ್ಜಿ ಸಮ ಮಾಡಿದ್ರು. ಆ ಉಬ್ಬು ನನ್ನ ಕಣ್ಣಿಗೆ ಕಂಡೇ ಇರಲಿಲ್ಲ.

ಅಜ್ಜಿಯ ಹಳೇ ಸೀರೆಯ ಜರಿ ಅಂಚು ಒಂದು ಗೇಣು ಉಳಿದಿತ್ತು. ಕೇಳಿ ನೋಡೋಣ ಅಂತ ತಗೊಂಡು ಹೋಗಿದ್ದೆ. ಎರಡೂ ಪಟ್ಟಿಗೆ ಅದನ್ನ ಸುತ್ತಿ, ಅಂಚು ಒಳಗೆ ಮಡಚಿ ಕೈಯಲ್ಲೇ ಹೊಲಿದು ಕೊಟ್ರು. 250 ಕೇಳಿದ್ರು. ನಾನು 400 ಕೊಟ್ಟೆ, ತಗೊಳ್ಳೋಕೆ ಒಪ್ಪಿಸೋಷ್ಟರಲ್ಲಿ ಸಾಕಾಯ್ತು.

ಧಾರೆ ಹೊತ್ತಿಗೆ ಟೇಪ್, ಆರತಕ್ಷತೆಗೆ ಶೂ. ಐದು ಗಂಟೆ ನಿಂತೆ. ಕೊನೆಗೆ ಮೀನಖಂಡ ದಣಿದಿತ್ತು, ಹಿಮ್ಮಡಿಯಲ್ಲಿ ಮೊಳೆ ಇರಲಿಲ್ಲ. ನಾದಿನಿ ಕಾಲು ನೋಡಿ, ಈ ಶೂ ಎಲ್ಲಿ ತಗೊಂಡ್ರಿ ಅತ್ತಿಗೆ ಅಂತ ಕೇಳಿದ್ಲು. ಕಾಲಿಗೇನಾಯ್ತು ಅಂತ ಯಾರೂ ಕೇಳಲಿಲ್ಲ.

ನೀಲಿ_ಛತ್ರಿ
ಓದಿ ಕಣ್ಣು ತುಂಬಿ ಬಂತು. ಅಮ್ಮನಿಗೆ ಓದಿ ಹೇಳಿದೆ. ಅಟ್ಟದಿಂದ ಇನ್‌ಸೋಲ್ ಇಳಿಸು ಅಂತಿದ್ದಾರೆ. ಶೂ ಅಲ್ಲ, ಇನ್‌ಸೋಲ್ ಮಾತ್ರ ಅಂತೆ. ಆ ಹಿರಿಯರು ಭಾನುವಾರ ಕೂರ್ತಾರಾ ಅಕ್ಕ? ಬೆಂಗಳೂರಿಂದ ಕರ್ಕೊಂಡು ಬರ್ತೀನಿ.

ಪಾದದ_ಕೆಲಸ
ಅಮ್ಮನ ಇನ್‌ಸೋಲ್ ಅಟ್ಟದಲ್ಲಿ ಎಷ್ಟು ವರ್ಷ ಇತ್ತು? ಫೋಮ್ ಪುಡಿಯಾಗಿದೆಯಾ ನೋಡಿ. ಚಿಪ್ಪು ಗಟ್ಟಿ ಇದ್ರೆ ಮೇಲಿನ ಹೊದಿಕೆ ಮಾತ್ರ ಬದಲಾಯಿಸಬಹುದು.

ಸಂಪಿಗೆ_ಮೈಸೂರು
ಭಾನುವಾರ ಅವರಿಗೆ ರಜಾ. ಶನಿವಾರ ಸಂಜೆ ಬನ್ನಿ, ನಾನೂ ಬರ್ತೀನಿ. ಅಮ್ಮನ ಹತ್ರ ಹಳೇ ಸೀರೆ ಅಂಚು ಇದ್ರೆ ಹಾಕ್ಕೊಂಡು ಬನ್ನಿ.